ಮೊಳೆ ಹೊಡೆದರೆ ಪಟ್ಟಿ ಸೀಳುತ್ತಿದೆಯೇ? ಬಳ್ಳಿ ಹಂದರ ಕಟ್ಟುವವರಿಗೊಂದು ದೋಷ ನಿವಾರಣೆ ಕೈಪಿಡಿ

ಹೋದ ಏಪ್ರಿಲ್‌ನಲ್ಲಿ ಪ್ಯಾಶನ್ ಫ್ರೂಟ್ ಬಳ್ಳಿಗೆ ಅಂತ ಹಿತ್ತಲಲ್ಲಿ ಒಂದು ಹಂದರ ಕಟ್ಟಲು ಹೊರಟೆ. ತೋಟದಲ್ಲೇ ಬಿದ್ದ ಸಿಲ್ವರ್ ಓಕ್ ಕೊಯ್ಯಿಸಿದ ಪಟ್ಟಿಗಳಿದ್ದವು. ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ. ಕೊಟ್ಟಿಗೆಯ ಮಾಡಿಗೆ ತಂದು ಉಳಿದ ಎರಡೂವರೆ ಇಂಚಿನ ಮೊಳೆ ಒಂದು ಡಬ್ಬಿ ತುಂಬ ಇತ್ತು. ಸುಮ್ನೆ ಹೊಸದಕ್ಕೆ ಯಾಕೆ ದುಡ್ಡು ಅಂತ ಅದನ್ನೇ ಹೊಡೆದೆ. ಮೊದಲ ಮೊಳೆ ಸಲೀಸಾಗಿ ಇಳಿಯಿತು. ಎರಡನೆಯದಕ್ಕೆ ಟಪ್ ಅಂತ ಒಂದು ಸದ್ದು. ಸಂಜೆ ಎಣಿಸಿದರೆ ಹದಿನಾರು ಕೂಡುಗಳಲ್ಲಿ ಒಂಬತ್ತು ಸೀಳಿದ್ದವು. ಹದಿನೈದು ದಿನ ಬಿಟ್ಟು ನೋಡಿದರೆ ಇನ್ನೂ ಎರಡು.

ಪಕ್ಕದ ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಆಚಾರಿಯವರನ್ನು ಕರೆದು ತೋರಿಸಿದೆ. "ಆಚಾರ್ರೇ, ಮೊಳೆ ಸರಿ ಇಲ್ವಾ, ಮರ ಸರಿ ಇಲ್ವಾ?" ಅಂತ ಕೇಳಿದೆ. ಅವರು ಮೊಳೆ ಮುಟ್ಟಲೇ ಇಲ್ಲ. ಒಂದೊಂದು ಸೀಳಿನ ಮೇಲೂ ಹೆಬ್ಬೆರಳಿಟ್ಟು ಎಳೆದುಕೊಂಡು ಹೋದರು. "ಹನ್ನೊಂದೂ ಒಂದೇ ತರ ಸೀಳಿಲ್ಲ ಅಕ್ಕಾ, ಇದರಲ್ಲಿ ಮೂರು ತರ ಇದೆ" ಅಂದರು. ಈ ಬರಹ ಆ ಮೂರು ತರದ್ದು, ಜೊತೆಗೆ ಆಮೇಲೆ ನಾನೇ ಕೈ ಸುಟ್ಟುಕೊಂಡು ಕಲಿತ ಒಂದೆರಡರದ್ದು.

ಸೀಳನ್ನು ಓದುವುದು ಹೇಗೆ

ಮರ ಅಂದರೆ ಉದ್ದುದ್ದ ನಾರುಗಳ ಕಟ್ಟು. ನಾರನ್ನು ಅಡ್ಡಕ್ಕೆ ತುಂಡು ಮಾಡುವುದು ಕಷ್ಟ. ಒಂದು ನಾರನ್ನು ಪಕ್ಕದ್ದರಿಂದ ಬಿಡಿಸುವುದು ಸುಲಭ. ಸೌದೆ ಒಡೆದವರಿಗೆಲ್ಲ ಇದು ಗೊತ್ತು. ಚೂಪು ಮೊಳೆ ಮಾಡುವುದೂ ಅದೇ ಕೆಲಸ. ಅದು ಒಂದು ಸಣ್ಣ ಬೆಣೆ. ನಾರುಗಳಿಗೆ ಪಕ್ಕಕ್ಕೆ ಸರಿಯಲು ಜಾಗ ಇದ್ದರೆ ಅವು ಸರಿದು, ಮೊಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಜಾಗ ಇಲ್ಲದಿದ್ದರೆ ಬಿಟ್ಟುಕೊಳ್ಳುತ್ತವೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು. ಸೀಳು ಎಲ್ಲಿದೆ, ಪಟ್ಟಿಯ ತುದಿಯಲ್ಲೋ ನಡುವಿನಲ್ಲೋ? ಯಾವಾಗ ಬಂತು, ಹೊಡೆಯುವಾಗಲೋ ದಿನ ಕಳೆದ ಮೇಲೋ? ಒಂದೇ ಪಟ್ಟಿಯಲ್ಲೋ ಎಲ್ಲದರಲ್ಲೂ ಇದೆಯೋ? ಎಲ್ಲ ಪಟ್ಟಿಯೂ ಸೀಳುತ್ತಿದ್ದರೆ ಮೊಳೆಯ ಮೇಲೆ ಅನುಮಾನ ಪಡಿ. ಅಲ್ಲೊಂದು ಇಲ್ಲೊಂದು ಸೀಳಿದರೆ ಆ ಪಟ್ಟಿಯ ಗಂಟು, ಓರೆ ನಾರು, ಇಲ್ಲವೇ ಮೊಳೆ ಹೊಡೆದ ಜಾಗ ನೋಡಿ.

ಕಿವಿಯನ್ನೂ ಬಳಸಿ. ಸರಿಯಾಗಿ ಇಳಿಯುವ ಮೊಳೆಯ ಸದ್ದು ಏಟಿನಿಂದ ಏಟಿಗೆ ಗಟ್ಟಿಯಾಗುತ್ತಾ ಹೋಗುತ್ತದೆ. ನಡುವೆ ಸದ್ದು ಇದ್ದಕ್ಕಿದ್ದಂತೆ ಬೊಡ್ಡಾಗಿ, ಮೊಳೆ ಒಂದೇ ಏಟಿಗೆ ಅರ್ಧ ಇಂಚು ಜಾರಿತು ಅಂದರೆ ಒಳಗೆ ಬಿಟ್ಟುಕೊಂಡಿದೆ ಅಂತ ಅರ್ಥ. ಮೇಲೆ ಏನೂ ಕಾಣದಿದ್ದರೂ ಅಲ್ಲಿಗೇ ನಿಲ್ಲಿಸಿ.

ತುದಿಯಲ್ಲಿ ಸೀಳು

ನನ್ನ ಒಂಬತ್ತರಲ್ಲಿ ಏಳು ಈ ಜಾತಿಯವು. ಪಟ್ಟಿಯ ತುದಿಯನ್ನು ಕಂಬದ ಅಂಚಿಗೆ ಸರಿಯಾಗಿ ಕೂರಿಸಿ, ಚೆಂದ ಕಾಣಲಿ ಅಂತ ತುದಿಯಿಂದ ಮುಕ್ಕಾಲು ಇಂಚಿಗೇ ಮೊಳೆ ಹೊಡೆದಿದ್ದೆ. ಮೊಳೆಗೂ ತುದಿಗೂ ನಡುವೆ ಉಳಿದ ಮರ ತೀರಾ ಕಡಿಮೆ. ತುದಿ ಕಡೆಗೆ ತಡೆಯುವುದು ಏನೂ ಇಲ್ಲದೆ ಸೀಳು ಆ ಕಡೆಗೇ ಓಡಿತು.

ತೂತು ಕೊರೆಯದೆ ಹೊಡೆಯುವುದಾದರೆ ತುದಿಯಿಂದ ಮೊಳೆಯ ದಪ್ಪದ 15 ಪಟ್ಟಾದರೂ ದೂರ ಬೇಕು. 12 ಗೇಜ್ (ಗೇಜ್ ಅಂದರೆ ಮೊಳೆಯ ದಪ್ಪ ಹೇಳುವ ಅಂಕಿ) ಮೊಳೆಗೆ ಅದು ಸುಮಾರು ಒಂದೂವರೆ ಇಂಚು, 16 ಗೇಜ್‌ಗೆ ಒಂದು ಇಂಚು. ಪಕ್ಕದ ಅಂಚಿನಿಂದ 5 ಪಟ್ಟು ಸಾಕು. ಒಂದೇ ನಾರಿನ ಸಾಲಿನಲ್ಲಿ ಎರಡು ಮೊಳೆ ಬರುವುದಾದರೆ ನಡುವೆ 10 ಪಟ್ಟು ಬಿಡಿ. ಇನ್ನೂ ಒಳ್ಳೆಯದು ಅಂದರೆ ಆ ಎರಡನ್ನು ಒಂದೇ ಗೆರೆಯಲ್ಲಿ ಹೊಡೆಯದೆ ಸ್ವಲ್ಪ ಓರೆಯಾಗಿ ಸರಿಸಿ. ಒಂದೇ ಗೆರೆಯಲ್ಲಿ ಸಾಲಾಗಿ ಹೊಡೆದರೆ, ಅಂಚೆಚೀಟಿ ಹರಿಯಲು ಅಂಚಿನಲ್ಲಿ ತೂತು ಹಾಕಿರುತ್ತಾರಲ್ಲ, ಹಾಗಾಗುತ್ತದೆ.

ಆಚಾರಿಯವರ ಉಪಾಯ ಇದಕ್ಕಿಂತಲೂ ಸುಲಭ. ಪಟ್ಟಿಯನ್ನು ಅಳತೆಗಿಂತ ಮೂರು ಇಂಚು ಉದ್ದ ಬಿಟ್ಟೇ ಮೊಳೆ ಹೊಡೆಯಿರಿ, ಆಮೇಲೆ ಹೆಚ್ಚಿದ್ದನ್ನು ಗರಗಸದಿಂದ ಕೊಯ್ಯಿರಿ. ಅಥವಾ ಕೊಯ್ಯಲೇಬೇಡಿ. ಹಂದರಕ್ಕೆ ತುದಿ ಎರಡು ಇಂಚು ಹೊರಗೆ ಚಾಚಿದ್ದರೆ ಯಾರಿಗೆ ಏನು ನಷ್ಟ? ಬಳ್ಳಿಯ ಕುಡಿ ಸುತ್ತಿಕೊಳ್ಳಲು ಅದೂ ಒಂದು ಆಸರೆ.

ಎಲ್ಲ ಕಡೆಯೂ ಸೀಳು: ಮೊಳೆ ದಪ್ಪ

ತುದಿಯಿಂದ ದೂರ ಹೊಡೆದರೂ ಸೀಳುತ್ತಿದೆಯೇ? ಹಾಗಾದರೆ ಮೊಳೆ ದಪ್ಪ. ನನ್ನ ಡಬ್ಬಿಯಲ್ಲಿದ್ದದ್ದು 10 ಗೇಜ್, ಅಂದರೆ 3.25 ಮಿಲಿಮೀಟರ್. ಮಾಡಿನ ಪಕಾಸಿಗೆ ಸರಿ. ಮುಕ್ಕಾಲು ಇಂಚಿನ ಪಟ್ಟಿಗೆ ಜಾಸ್ತಿಯಾಯಿತು.

ಲೆಕ್ಕ ನೆನಪಿಡುವುದು ಸುಲಭ. ಮೊಳೆಯ ದಪ್ಪ, ಪಟ್ಟಿಯ ದಪ್ಪದ ಏಳನೇ ಒಂದು ಭಾಗ ದಾಟಬಾರದು. ಮುಕ್ಕಾಲು ಇಂಚು ಅಂದರೆ 19 ಮಿಲಿಮೀಟರ್, ಅದರ ಏಳನೇ ಒಂದು ಭಾಗ 2.7. ಅಲ್ಲಿಗೆ 12 ಗೇಜ್ ಹೇಗೋ ಹೊಂದುತ್ತದೆ, 14 ಗೇಜ್ ಆರಾಮ. ಅರ್ಧ ಇಂಚಿನ ಪಟ್ಟಿಗೆ 16ಕ್ಕೆ ಹೋಗಿ.

ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ "ಎರಡಿಂಚು ಮೊಳೆ ಅರ್ಧ ಕೆಜಿ" ಅಂತಷ್ಟೇ ಕೇಳುತ್ತೇವೆ. ಉದ್ದ ಹೇಳಿದೆವು, ದಪ್ಪ ಹೇಳಲಿಲ್ಲ. ಅವರು ಕೈಗೆ ಸಿಕ್ಕಿದ್ದು ತೂಗಿ ಕೊಡುತ್ತಾರೆ. ಗೇಜ್ ಕೇಳಿ ತನ್ನಿ. ಗೇಜ್ ಲೆಕ್ಕ ಉಲ್ಟಾ ಅನ್ನುವುದು ನೆನಪಿರಲಿ. ಅಂಕಿ ದೊಡ್ಡದಾದಷ್ಟೂ ಮೊಳೆ ಸಣ್ಣ. 10 ಅಂದರೆ 3.25 ಮಿಲಿಮೀಟರ್, 12 ಅಂದರೆ 2.64, 14 ಅಂದರೆ 2.03, 16 ಅಂದರೆ 1.63.

ಉದ್ದದ ವಿಷಯ ಇಷ್ಟೇ. ಪಟ್ಟಿಯನ್ನು ಕಂಬಕ್ಕೆ ಹೊಡೆಯುವುದಾದರೆ ಪಟ್ಟಿಯ ದಪ್ಪದ ಎರಡೂವರೆಯಿಂದ ಮೂರು ಪಟ್ಟು ಉದ್ದ ಇರಲಿ. ಮುಕ್ಕಾಲು ಇಂಚಿಗೆ ಎರಡು ಇಂಚಿನ ಮೊಳೆ. ಯಾವಾಗಲೂ ತೆಳು ಮರದ ಕಡೆಯಿಂದ ದಪ್ಪ ಮರಕ್ಕೆ. ಪಟ್ಟಿ ಮೇಲೆ ಪಟ್ಟಿ ಅಡ್ಡ ಬರುವ ಕಡೆ ಎರಡೂ ಸೇರಿ ಒಂದೂವರೆ ಇಂಚು. ಅಲ್ಲಿಗೆ ಎರಡು ಇಂಚಿನ 14 ಗೇಜ್ ಮೊಳೆ ಹೊಡೆದು, ಹಿಂದೆ ಹೊರಬಂದ ಅರ್ಧ ಇಂಚನ್ನು ನಾರಿಗೆ ಅಡ್ಡವಾಗಿ ಬಗ್ಗಿಸಿ ಮರದೊಳಗೆ ಹೂತುಬಿಡಿ. ನಾರಿನ ಉದ್ದಕ್ಕೆ ಬಗ್ಗಿಸಿದರೆ ಅದೇ ಇನ್ನೊಂದು ಬೆಣೆ ಆಗುತ್ತದೆ. ಹೀಗೆ ಬಗ್ಗಿಸಿದ ಕೂಡು ಗಾಳಿಗೆ ಕಳಚುವುದಿಲ್ಲ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ನೆನೆದ ಬಳ್ಳಿಯ ಭಾರಕ್ಕೆ ಜುಲೈ ಗಾಳಿ ಸೇರಿದರೆ ಸುಮ್ನೆ ಹೊಡೆದ ಮೊಳೆ ನಿಧಾನಕ್ಕೆ ಹೊರಗೆ ಬರುತ್ತದೆ. (ಆನೆ ಬಂದರೆ ಯಾವ ಗೇಜೂ ಉಪಯೋಗವಿಲ್ಲ, ಅದು ಬೇರೆ ಮಾತು.)

ಕಾಂಕ್ರೀಟ್ ಮೊಳೆ ಮಿಕ್ಕಿದೆ ಅಂತ ಅದನ್ನು ಮರಕ್ಕೆ ಹೊಡೆಯಬೇಡಿ. ಅದು ದಪ್ಪ, ಗಡಸು. ಬಗ್ಗಿಸಲು ಹೋದರೆ ಮುರಿದು ಹಾರುತ್ತದೆ. ಕಣ್ಣಿಗೆ ಬಿದ್ದರೆ ಕಷ್ಟ.

ಬೇರೆ ಮೊಳೆ ಇಲ್ಲ, ಇದರಲ್ಲೇ ಮುಗಿಸಬೇಕು ಅಂದರೆ

ಮೊನೆಯನ್ನು ಬೊಡ್ಡು ಮಾಡಿ. ಮೊಳೆಯನ್ನು ತಲೆಕೆಳಗಾಗಿ ಕಲ್ಲಿನ ಮೇಲೆ ನಿಲ್ಲಿಸಿ, ಚೂಪಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು. ಚೂಪು ಮೊನೆ ನಾರನ್ನು ಅಗಲಿಸಿಕೊಂಡು ಹೋದರೆ, ಬೊಡ್ಡು ಮೊನೆ ನಾರನ್ನು ಜಜ್ಜಿ ತುಂಡರಿಸಿಕೊಂಡು ಹೋಗುತ್ತದೆ. ಒತ್ತಡ ಪಕ್ಕಕ್ಕೆ ಹೋಗುವುದು ಕಡಿಮೆ. ಹಿಡಿತವೂ ಸ್ವಲ್ಪ ಕಡಿಮೆ ಆಗುತ್ತದೆ ಅನ್ನುವುದು ನಿಜ. ಆದರೆ ಸೀಳಿದ ಪಟ್ಟಿಯ ಹಿಡಿತಕ್ಕಿಂತ ಎಷ್ಟೋ ಮೇಲು ಅಲ್ವಾ?

ನನ್ನ ಮಟ್ಟಿಗೆ ನಿಜವಾದ ಪರಿಹಾರ ತೂತು. ಮೊಳೆಯ ದಪ್ಪದ ಮುಕ್ಕಾಲು ಪಾಲಿನಷ್ಟು ತೂತು ಮೊದಲೇ ಕೊರೆಯಿರಿ. 12 ಗೇಜ್‌ಗೆ 2 ಮಿಲಿಮೀಟರ್ ಬಿಟ್, 10 ಗೇಜ್‌ಗೆ 2.5, 14 ಗೇಜ್‌ಗೆ 1.5. ಮೇಲಿನ ಪಟ್ಟಿಗೆ ಪೂರ್ತಿ, ಕಂಬಕ್ಕೆ ಬೇಕಾದರೆ ಅರ್ಧ. ಸಣ್ಣ ಬಿಟ್ ಪಟಪಟ ಮುರಿಯುತ್ತದೆ ಅಂತ ಬೇಸರವಾದರೆ ಇನ್ನೊಂದು ದಾರಿ ಇದೆ. ಹೊಡೆಯಬೇಕಾದ ಮೊಳೆಗಿಂತ ಒಂದು ಮಟ್ಟ ಸಣ್ಣ ಮೊಳೆಯ ತಲೆ ಕತ್ತರಿಸಿ, ಅದನ್ನೇ ಡ್ರಿಲ್ಲಿಂಗ್ ಮಷೀನಿಗೆ ಸಿಕ್ಕಿಸಿ. ಮೆತ್ತಗಿನ ಮರಕ್ಕೆ ಚೆನ್ನಾಗಿ ಕೊರೆಯುತ್ತದೆ. ಕರೆಂಟ್ ಇಲ್ಲದ ದಿನ (ನಮ್ಮಲ್ಲಿ ಮಳೆ ಶುರುವಾದರೆ ಅದೇ ಹೆಚ್ಚು) ಕೈ ಬೈರಿಗೆ ಸಾಕು. ಹದಿನಾರು ತೂತಿಗೆ ನನಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಸೀಳಿದ ಪಟ್ಟಿ ಬಿಚ್ಚಿ ಬೇರೆ ಹಾಕಲು ಒಂದು ಭಾನುವಾರ ಪೂರ್ತಿ ಹೋಗಿತ್ತು.

ಮೊಳೆಗೆ ಸೋಪು ಉಜ್ಜಿ ಅಂತ ಕೆಲವರು ಹೇಳುತ್ತಾರೆ. ಸಲೀಸಾಗಿ ಇಳಿಯುವುದು ಹೌದು, ಆದರೆ ಸೋಪು ತೇವ ಎಳೆಯುತ್ತದೆ, ಬೇಗ ತುಕ್ಕು. ಮೇಣದಬತ್ತಿ ಉಜ್ಜಿ.

ನಡುವಿನಲ್ಲಿ ಸೀಳು, ತುದಿ ಗಟ್ಟಿ

ಒಂಬತ್ತರಲ್ಲಿ ಉಳಿದ ಎರಡು ಹಂದರದ ಮಧ್ಯದಲ್ಲಿದ್ದವು. ಅಲ್ಲಿ ತುದಿಯ ಪ್ರಶ್ನೆಯೇ ಇಲ್ಲ. ಕಂಬ ನಿಲ್ಲಿಸಿ, ಸುತ್ತಲಿನ ಪಟ್ಟಿ ಹೊಡೆದಾದ ಮೇಲೆ ಒಳಗಿನ ಅಡ್ಡಪಟ್ಟಿಗಳನ್ನು ನಿಂತ ಹಂದರಕ್ಕೇ ಹೊಡೆದಿದ್ದೆ. ಹಿಂದೆ ಏನೂ ಆನಿಕೆ ಇಲ್ಲ. ಪ್ರತಿ ಏಟಿಗೂ ಪಟ್ಟಿ ಹಿಂದಕ್ಕೆ ಕುಣಿಯುತ್ತದೆ, ಮೊಳೆ ಇಳಿಯುವುದಿಲ್ಲ, ಸಿಟ್ಟು ಬಂದು ನಾವು ಇನ್ನೂ ಜೋರಾಗಿ ಹೊಡೆಯುತ್ತೇವೆ.

ಹಂದರವನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎತ್ತಿ ನಿಲ್ಲಿಸಿ. ಕಾಫಿ ಒಣಗಿಸುವ ಕಣ ಏಪ್ರಿಲ್ ಹೊತ್ತಿಗೆ ಖಾಲಿ ಇರುತ್ತದೆ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಿಂತ ಹಂದರಕ್ಕೇ ಹೊಡೆಯಬೇಕಾಗಿ ಬಂದರೆ ಹಿಂದಿನಿಂದ ಇನ್ನೊಬ್ಬರು ಒಂದು ಭಾರದ ಸುತ್ತಿಗೆಯನ್ನೋ ಕಲ್ಲನ್ನೋ ಒತ್ತಿ ಹಿಡಿಯಲಿ.

ಅದರಲ್ಲಿ ಒಂದು ಪಟ್ಟಿಯಲ್ಲಿ ಗಂಟೂ ಇತ್ತು. ಗಂಟಿನ ಸುತ್ತ ನಾರು ನೇರ ಹೋಗುವುದಿಲ್ಲ, ಹೊಳೆಯ ನೀರು ಬಂಡೆ ಬಳಸಿದ ಹಾಗೆ ಬಳಸಿಕೊಂಡು ಹೋಗುತ್ತದೆ. ಅಲ್ಲಿ ಹೊಡೆದ ಮೊಳೆಯಿಂದ ಹೊರಟ ಸೀಳು ಆ ವಕ್ರ ನಾರನ್ನೇ ಹಿಡಿದು ಪಟ್ಟಿಯ ಅಂಚಿಗೆ ಹೊರಟುಹೋಗುತ್ತದೆ. ಗಂಟಿನಿಂದ ಎರಡು ಇಂಚಾದರೂ ದೂರ ಇರಿ.

ದಿನ ಕಳೆದ ಮೇಲೆ ಸೀಳು

ಹದಿನೈದು ದಿನ ಬಿಟ್ಟು ಕಂಡ ಆ ಎರಡು ಸೀಳಿಗೆ ನನ್ನ ಸುತ್ತಿಗೆ ಕಾರಣವಲ್ಲ. ಒಣಗಿದ ಪಟ್ಟಿಗಳ ನಡುವೆ ಎರಡು ಹಸಿ ಪಟ್ಟಿ ಸೇರಿಕೊಂಡಿದ್ದವು. ಕೈಯಲ್ಲಿ ಎತ್ತಿದಾಗ ಭಾರ ಅನ್ನಿಸಿತ್ತು, ಗಮನ ಕೊಡಲಿಲ್ಲ. ಹಸಿ ಮರಕ್ಕೆ ಮೊಳೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ, ಸೀಳುವುದೂ ಕಡಿಮೆ. ಮೋಸ ಹೋಗುವುದು ಇಲ್ಲೇ. ಏಪ್ರಿಲ್ ಬಿಸಿಲಿಗೆ ಮರ ಒಣಗುತ್ತಾ ಅಗಲದಲ್ಲಿ ಕುಗ್ಗುತ್ತದೆ, ಮೊಳೆ ಕುಗ್ಗುವುದಿಲ್ಲ. ಅಗಲದ ಪಟ್ಟಿಗೆ ಆ ಕಡೆ ಒಂದು ಈ ಕಡೆ ಒಂದು ಮೊಳೆ ಹೊಡೆದಿದ್ದರೆ ನಡುವಿನ ಮರ ಎರಡೂ ಕಡೆಗೆ ಎಳೆದುಕೊಂಡು ಸೀಳುತ್ತದೆ. ಸೀಳದಿದ್ದರೆ ಮೊಳೆ ಸಡಿಲವಾಗುತ್ತದೆ.

ಹಸಿ ಮರವನ್ನು ನೆರಳಿನಲ್ಲಿ, ನಡುವೆ ಕಡ್ಡಿ ಇಟ್ಟು ಗಾಳಿಯಾಡುವ ಹಾಗೆ ಪೇರಿಸಿ, ಒಂದೆರಡು ತಿಂಗಳು ಬಿಡಿ. ಕಾಯಲು ಆಗದಿದ್ದರೆ ಒಂದು ಅಡ್ಡಕ್ಕೆ ಒಂದೇ ಮೊಳೆ, ಪಟ್ಟಿಯ ನಡುವಿನಲ್ಲಿ.

ಇದರ ಉಲ್ಟಾ ದೋಷವೂ ಇದೆ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಹೊಗೆ ಕುಡಿದ ರೀಪು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿರುತ್ತದೆ. ಹುಳ ಮುಟ್ಟಿರುವುದಿಲ್ಲ, ಗಟ್ಟಿ ಇರುತ್ತದೆ, ಆದರೆ ಅತಿಯಾಗಿ ಒಣಗಿ ಹಪ್ಪಳದ ಹಾಗಾಗಿರುತ್ತದೆ. ಮೊಳೆ ಮುಟ್ಟಿಸುವಷ್ಟರಲ್ಲಿ ಸೀಳು. ಅದನ್ನು ಕೆಳಗಿಳಿಸಿ ಒಂದು ವಾರ ಜಗಲಿಯಲ್ಲಿಡಿ, ಹೊರಗಿನ ಹವೆಗೆ ಹೊಂದಿಕೊಳ್ಳಲಿ. ಅವಸರ ಇದ್ದರೆ ತುದಿಗಳಿಗೆ ಒದ್ದೆ ಗೋಣಿ ಸುತ್ತಿ ಒಂದು ರಾತ್ರಿ ಬಿಡಿ. ಆಮೇಲೂ ತೂತು ಕೊರೆದೇ ಹೊಡೆಯಿರಿ.

ಅಡಿಕೆ ದಬ್ಬೆ, ಬಿದಿರು, ನೀಲಗಿರಿ

ಅಡಿಕೆ ದಬ್ಬೆಗೆ ನೇರ ಮೊಳೆ ಹೊಡೆಯುವ ಯೋಚನೆಯನ್ನೇ ಬಿಡಿ. ಆ ಮರವನ್ನು ದಬ್ಬೆ ಮಾಡುವುದೇ ಉದ್ದಕ್ಕೆ ಸೀಳಿ ತಾನೇ? ಸೀಳಲೆಂದೇ ಹುಟ್ಟಿದ ಹಾಗಿರುವ ವಸ್ತುವಿಗೆ ಬೆಣೆ ಹಾಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ತೂತು ಕೊರೆದು 14 ಗೇಜ್ ಮೊಳೆ, ಇಲ್ಲವೇ ತೂತಿನಲ್ಲಿ ಜಿಐ (ಸತು ಲೇಪನದ) ತಂತಿ ಪೋಣಿಸಿ ಕಟ್ಟು. ನಾನು ತಂತಿಯ ಪರ.

ಬಿದಿರಿಗೂ ಅದೇ. ಗೆಣ್ಣಿಗೆ ಹತ್ತಿರ ತೂತು ಕೊರೆದರೆ ಸೀಳು ಗೆಣ್ಣಿನ ಹತ್ತಿರ ನಿಲ್ಲುವ ಸಾಧ್ಯತೆ ಹೆಚ್ಚು. ಎರಡು ಗೆಣ್ಣಿನ ನಡುವೆ ಹೊಡೆದರೆ ಇಡೀ ಅಂತರ ಬಾಯಿ ಬಿಡುತ್ತದೆ. ನೀಲಗಿರಿ ಗಳ ಮೊಳೆ ಮುಟ್ಟದೆಯೂ ತುದಿಯಲ್ಲಿ ಬಿರಿಯುತ್ತದೆ. ಬೆಳೆಯುವಾಗಲೇ ಆ ಮರದೊಳಗೆ ಬಿಗಿತ ಕೂಡಿಕೊಂಡಿರುತ್ತದೆ, ಕಡಿದೊಡನೆ ಅದು ಬಿಚ್ಚಿಕೊಳ್ಳುತ್ತದೆ. ಕಡಿದ ಕೂಡಲೇ ತುದಿಗೆ ತಂತಿ ಬಿಗಿದಿಡಿ. ತೇಗದ ಚೂರುಪಾರು ಸಿಕ್ಕಿದ್ದರೆ ಅದೃಷ್ಟ, ಮಳೆಗೆ ಬಾಳಿಕೆ ಬರುತ್ತದೆ, ಆದರೆ ಅದಕ್ಕೂ ತೂತು ಬೇಕು.

ಸೀಳಿಲ್ಲ, ಆದರೆ ಮೊಳೆ ಸುತ್ತ ಕಪ್ಪು

ಸಾಧಾರಣ ಕಬ್ಬಿಣದ ಮೊಳೆ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಅಳುವುದಕ್ಕೆ ಶುರು ಮಾಡುತ್ತದೆ. ಒಗರು ಇರುವ ಮರವಾದರೆ ಕಬ್ಬಿಣ, ನೀರು, ಒಗರು ಮೂರೂ ಸೇರಿ ಶಾಯಿಯಂಥ ಕಪ್ಪು ಕಲೆ. ತುಕ್ಕು ಉಬ್ಬಿದಾಗ ತೆಳು ಪಟ್ಟಿಗೆ ಅದೂ ಒಂದು ಒತ್ತಡ. ಸತು ಲೇಪನದ ಜಿಐ ಮೊಳೆ ಕೇಳಿ. ಥಳಥಳ ಹೊಳೆಯುವುದರ ಲೇಪನ ತೆಳು. ಬೂದು ಬಣ್ಣದ, ಕೈಗೆ ಸ್ವಲ್ಪ ಒರಟು ಅನ್ನಿಸುವುದು ಹೆಚ್ಚು ಬಾಳುತ್ತದೆ. ಒರಟು ಇರುವುದರಿಂದ ಹಿಡಿತವೂ ಜಾಸ್ತಿ.

ಒಂದು ತಪ್ಪು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ರೋಗದ ಔಷಧಿ) ಮಾಡಲು ಕರಗಿಸಿ ಉಳಿದ ಮೈಲುತುತ್ತದ ನೀರಿನಲ್ಲಿ, ಹುಳ ಹಿಡಿಯದಿರಲಿ ಅಂತ ಗೂಟಗಳನ್ನು ಅದ್ದಿಟ್ಟೆ. ಮಾರನೆಯ ದಿನ ಮೊಳೆ ಹೊಡೆದೆ. ಮಳೆಗಾಲ ಮುಗಿಯುವಷ್ಟರಲ್ಲಿ ಆ ಮೊಳೆಗಳು ಕಡ್ಡಿಯ ಹಾಗೆ ಸವೆದಿದ್ದವು. ಬೋರ್ಡೋ ಹದ ನೋಡಲು ಕತ್ತಿ ಅದ್ದುತ್ತೇವಲ್ಲ, ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿ ಹೋಗಿರುತ್ತದೆ. ಮೊಳೆಗೂ ಆದದ್ದು ಅದೇ. ಕಣ್ಣೆದುರು ಪ್ರತಿ ವರ್ಷ ನೋಡುವುದನ್ನು ಮರಕ್ಕೆ ಬಂದಾಗ ಮರೆತಿದ್ದೆ.

ಆಗಲೇ ಸೀಳಿದೆ, ಈಗ ಏನು?

ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು ಬಿಗಿ ಮಾಡುತ್ತೇನೆ ಅಂದುಕೊಳ್ಳಬೇಡಿ. ಸೀಳು ದೊಡ್ಡದಾಗುತ್ತದೆ ಅಷ್ಟೇ. ಮೊಳೆ ಕೀಳಿ. ಕೀಳುವಾಗ ಸುತ್ತಿಗೆಯ ಕೆಳಗೆ ಒಂದು ಮರದ ಚೂರು ಇಟ್ಟರೆ ಪಟ್ಟಿ ತಗ್ಗಾಗುವುದಿಲ್ಲ. ಸೀಳನ್ನು ಚಾಕುವಿನ ಮೊನೆಯಿಂದ ಸ್ವಲ್ಪ ಅಗಲಿಸಿ, ನೀರು ತಡೆಯುವ ಮರದ ಗೋಂದು ಒಳಗಿನ ತನಕ ಇಳಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಒಂದು ದಿನ ಬಿಡಿ. ಆಮೇಲೆ ಹಳೆಯ ತೂತಿನಿಂದ ಒಂದೂವರೆ ಇಂಚು ಒಳಗೆ ಹೊಸ ತೂತು ಕೊರೆದು, ಸಣ್ಣ ಮೊಳೆ. ಸೀಳು ಮೂರು ಇಂಚಿಗಿಂತ ಉದ್ದ ಇದ್ದರೆ ಗೋಂದಿನ ಖರ್ಚು ದಂಡ. ಅಷ್ಟು ಕೊಯ್ದು ತೆಗೆದು ಆ ಪಟ್ಟಿಯನ್ನು ಚಿಕ್ಕ ಜಾಗಕ್ಕೆ ಬಳಸಿ.

ನನ್ನ ಹನ್ನೊಂದರಲ್ಲಿ ನಾಲ್ಕು ಗೋಂದಿಗೆ ಉಳಿದವು. ಐದನ್ನು ಕೊಯ್ದು ಚಿಕ್ಕದು ಮಾಡಿ ಸೀಮೆಬದನೆಯ ಪಕ್ಕದ ಹಂದರಕ್ಕೆ ಹಾಕಿದೆ. ಎರಡು ಒಲೆಗೆ ಹೋದವು.

ಮಳೆಗಾಲದಲ್ಲಿ ಹಂದರ ಮುಟ್ಟಲು ಹೋಗಬೇಡಿ, ಮರ ನೀರು ಕುಡಿದು ಉಬ್ಬಿರುತ್ತದೆ, ಎಲ್ಲ ಕೂಡೂ ಬಿಗಿ ಇದ್ದ ಹಾಗೇ ಕಾಣುತ್ತದೆ. ಸೆಪ್ಟೆಂಬರ್ ಮೊದಲಿಗೆ ಬರುವ ನಮ್ಮ ಕೊಡಗಿನ ಹಬ್ಬ ಕೈಲ್ ಮುಹೂರ್ತ ಕಳೆದು, ನಾಲ್ಕು ದಿನ ಒಳ್ಳೆಯ ಬಿಸಿಲು ಬಂದ ಮೇಲೆ ಒಂದು ಸುತ್ತು ಹೋಗಿ. ಪ್ರತಿ ಕೂಡನ್ನೂ ಹಿಡಿದು ಒಮ್ಮೆ ಅಲ್ಲಾಡಿಸಿ. ತಲೆ ಎತ್ತಿದ ಮೊಳೆಯನ್ನು ಮತ್ತೆ ಹೊಡೆದು ಕೂರಿಸಿದರೆ ಅದೇ ಸಡಿಲ ತೂತಿಗೆ ಹೋಗುತ್ತದೆ, ಅದನ್ನು ತೆಗೆದು ಆ ಜಾಗಕ್ಕೆ ತಂತಿ ಕಟ್ಟಿ. ಹೋಗುವಾಗ ಕಾಲಿಗೆ ಸುಣ್ಣವೋ ಉಪ್ಪೋ ಹಚ್ಚಿಕೊಂಡು ಹೋಗಿ, ಬಳ್ಳಿಯ ಕೆಳಗೆ ಆ ಹೊತ್ತಿಗೂ ಜಿಗಣೆ ಇರುತ್ತದೆ.